ಹಳ್ಳಿಗೂ ಪೇಟೆಗೂ ಒಂದೇ ಪೆಟ್ಟಿಗೆ

ಉಡುಪಿನ ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳು ಬಹುತೇಕ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ. ದೇಹದ ಎಷ್ಟು ಭಾಗವನ್ನು ಮುಚ್ಚಬೇಕು ಎಂಬುದೇ ಆ ಪ್ರಶ್ನೆ. ಅದು ಅಗತ್ಯವಾದ ಪ್ರಶ್ನೆಯೇ ಹೌದು. ಆದರೆ ಕಪಾಟಿನಲ್ಲಿ ಎಷ್ಟು ಬಟ್ಟೆ ಇರಬೇಕು, ಅವು ಯಾವ ಕೆಲಸಕ್ಕೆ ಒದಗಬೇಕು, ಎಷ್ಟು ಕಾಲ ಬಾಳಬೇಕು ಎಂಬುದನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಅದು ಧರ್ಮಕ್ಕೆ ಸಂಬಂಧಪಡದ, ಅಂಗಡಿ ಮತ್ತು ಗೃಹಿಣಿಯ ನಡುವಿನ ವಿಷಯವೆಂಬಂತೆ ಬಿಟ್ಟುಬಿಟ್ಟಿದ್ದೇವೆ.

ಪವಿತ್ರ ಕುರ್‌ಆನ್ ಹಾಗೆ ಬಿಟ್ಟಿಲ್ಲ. ಅಲ್‌ಅಅ್‌ರಾಫ್ ಅಧ್ಯಾಯದ 26ನೇ ಸೂಕ್ತವು ಉಡುಪನ್ನು ಮಾನ ಮುಚ್ಚುವ ಸಾಧನವೆಂದೂ ಅಲಂಕಾರವೆಂದೂ ಪರಿಚಯಿಸಿ, ದೇವಭಯದ ಉಡುಪೇ ಎಲ್ಲಕ್ಕಿಂತ ಮಿಗಿಲೆಂದು ಸಾರುತ್ತದೆ. ಅದೇ ಅಧ್ಯಾಯದ 31ನೇ ಸೂಕ್ತವು ಆರಾಧನೆಯ ವೇಳೆ ಅಂದವಾಗಿ ಉಡಬೇಕೆಂದು ಆದೇಶಿಸಿ, ಅದರ ಬೆನ್ನಲ್ಲೇ ಮಿತಿ ಮೀರಬಾರದೆಂದು ಎಚ್ಚರಿಸುತ್ತದೆ. ಅನ್ನಹ್ಲ್ ಅಧ್ಯಾಯದ 81ನೇ ಸೂಕ್ತವು ಬಿಸಿಲಿನಿಂದ ರಕ್ಷಿಸುವ ಬಟ್ಟೆಯನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸುತ್ತದೆ. ಮಾನ, ಅಂದ, ಹವಾಮಾನ, ಮಿತಿ ಎಂಬ ನಾಲ್ಕೂ ಅಲ್ಲಿವೆ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಉಳಿದ ಮೂರನ್ನು ಜವಳಿ ಅಂಗಡಿಯ ಗಾಜಿನ ಬೊಂಬೆಗಳಿಗೆ ಒಪ್ಪಿಸಿದ್ದೇವೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಕರ್ನಾಟಕದ ಮುಸ್ಲಿಮ್ ಕುಟುಂಬಗಳಲ್ಲಿ ಬಹಳಷ್ಟು ಇಂದು ಎರಡು ನೆಲೆಗಳಲ್ಲಿ ಬಾಳುತ್ತಿವೆ. ದುಡಿಮೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ, ಮನೆ, ಕಬರಸ್ತಾನ ಮತ್ತು ಹಿರಿಯರು ಮೂಡಿಗೆರೆಯ ಕಡೆಯೋ ಬೆಳ್ತಂಗಡಿಯ ಕಡೆಯೋ ಸಿಂದಗಿಯ ಕಡೆಯೋ ಇರುತ್ತಾರೆ. ಈದ್‌ಗೆ, ಬೇಸಗೆ ರಜೆಗೆ, ಮದುವೆಗೆ, ಮಯ್ಯತ್‌ಗೆ ನಾವು ಊರಿಗೆ ಓಡುತ್ತೇವೆ. ಹೀಗೆ ಓಡಾಡುವ ಕುಟುಂಬದ ಕಪಾಟನ್ನು ತೆರೆದು ನೋಡಿದರೆ ಅದರೊಳಗೆ ಎರಡು ಬೇರೆ ಬೇರೆ ಕುಟುಂಬಗಳಿರುವಂತೆ ಕಾಣುತ್ತದೆ. ಒಂದು ಕಡೆ ಕಚೇರಿ ಮತ್ತು ಮಾಲ್‌ಗಳಿಗೆಂದು ಕೊಂಡ ಬಟ್ಟೆಗಳು, ಇನ್ನೊಂದು ಕಡೆ ಊರಿನವರ ಕಣ್ಣಿಗೆ ಕಾಣಲೆಂದು ಕೊಂಡ ಝರಿ, ಕಲ್ಲು, ಮಣಿಗಳ ಬಟ್ಟೆಗಳು. ಮೊದಲನೆಯವು ಊರಿನ ಅಂಗಳದಲ್ಲಿ ಅರ್ಧ ದಿನ ತಡೆಯುವುದಿಲ್ಲ. ಎರಡನೆಯವು ವರ್ಷಕ್ಕೆ ಎರಡು ಬಾರಿಗಿಂತ ಹೆಚ್ಚು ಹೊರಬರುವುದಿಲ್ಲ. ಇವೆರಡರ ನಡುವೆ, ದಿನವೂ ಎರಡೂ ಕಡೆ ಧರಿಸಬಹುದಾದ ಬಟ್ಟೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಬಣ್ಣಗೆಟ್ಟ ನಾಲ್ಕಾರು ಮಾತ್ರ.

ಎರಡೂ ನೆಲೆಗಳಿಗೆ ಒಂದೇ ಪೆಟ್ಟಿಗೆ ಸಾಕು, ಅದನ್ನು ಕಟ್ಟುವ ಅಳತೆಗೋಲು ಫ್ಯಾಶನ್ ಪತ್ರಿಕೆಗಳಲ್ಲಿಲ್ಲ, ನಮ್ಮ ನಮಾಝ್‌ನಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಯೋಚಿಸಿ ನೋಡಿ. ಮುಸಲ್ಮಾನನ ಬಟ್ಟೆ ದಿನಕ್ಕೆ ಐದು ಬಾರಿ ಪರೀಕ್ಷೆಗೆ ಒಳಗಾಗುತ್ತದೆ. ವುಝೂ ಮಾಡುವಾಗ ತೋಳು ಮೊಣಕೈಯ ಮೇಲಕ್ಕೆ ಮಡಚಬೇಕು. ರುಕೂವಿನಲ್ಲಿ ಬಾಗಿದಾಗ ಅಂಗಿ ಸೊಂಟದಿಂದ ಮೇಲೇರಬಾರದು. ಸುಜೂದ್‌ನಲ್ಲಿ ಪ್ಯಾಂಟ್ ಬಿಗಿಯಾಗಿ ದೇಹದ ಆಕಾರವನ್ನು ಹೊರಗೆಡವಬಾರದು. ಕೂತು ಏಳುವಾಗ ಮೊಣಕಾಲಿನ ಹೊಲಿಗೆ ಬಿಡಬಾರದು. ಇಷ್ಟನ್ನೂ ದಾಟಿದ ಬಟ್ಟೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೂ ನಡೆಯುತ್ತದೆ, ಅಡಿಕೆ ತೋಟದ ಕಟ್ಟೆಯ ಮೇಲೂ ನಡೆಯುತ್ತದೆ. ಕಚೇರಿಯಲ್ಲಿ ಹತ್ತು ತಾಸು ಕುಳಿತುಕೊಳ್ಳಲೂ ಆಗುತ್ತದೆ, ಮಗುವನ್ನು ಹೆಗಲಿಗೇರಿಸಿಕೊಂಡು ಗುಡ್ಡ ಹತ್ತಲೂ ಆಗುತ್ತದೆ. ಸಡಿಲತೆ, ಉದ್ದ, ಬಾಳಿಕೆ, ಸುಲಭವಾಗಿ ಒಗೆಯುವ ಅನುಕೂಲ ಇವೆಲ್ಲ ಈ ಪರೀಕ್ಷೆಯಲ್ಲಿಯೇ ತೀರ್ಮಾನವಾಗುತ್ತವೆ. ಅಂಗಡಿಯ ಕನ್ನಡಿಯ ಮುಂದೆ ನಿಂತು ಎಡಕ್ಕೂ ಬಲಕ್ಕೂ ತಿರುಗುವುದರ ಬದಲು ಒಮ್ಮೆ ರುಕೂವಿನಂತೆ ಬಾಗಿ ನೋಡಿದರೆ, ಕೊಳ್ಳಬೇಕೋ ಬೇಡವೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ತಬೂಕ್ ಯಾತ್ರೆಯ ಒಂದು ಘಟನೆಯನ್ನು ಮುಗೀರಾ ಬಿನ್ ಶುಅ್‌ಬಾ(ರ) ವರದಿ ಮಾಡಿದ್ದಾರೆ. ಆ ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಶಾಮ್ ನಾಡಿನ ಒಂದು ಜುಬ್ಬಾ ಧರಿಸಿದ್ದರು. ವುಝೂ ಮಾಡಲು ಹೊರಟಾಗ ಅದರ ತೋಳುಗಳು ಇಕ್ಕಟ್ಟಾಗಿ ಮೇಲೇರಲಿಲ್ಲ. ಆಗ ಅವರು ಕೈಗಳನ್ನು ತೋಳಿನಿಂದ ಒಳಗೆಳೆದು ಜುಬ್ಬಾದ ಕೆಳಗಿನಿಂದ ಹೊರತೆಗೆದು ತೊಳೆದರು. ಹದೀಸ್ ಸಂಗ್ರಹಕಾರರಾದ ಇಮಾಮ್ ಬುಖಾರಿ(ರ) ಈ ವರದಿಯನ್ನು ಪ್ರಯಾಣದಲ್ಲಿ ಇಕ್ಕಟ್ಟಾದ ತೋಳಿನ ಜುಬ್ಬಾ ಧರಿಸುವ ಕುರಿತಾದ ಅಧ್ಯಾಯದಲ್ಲಿಯೂ ಸೇರಿಸಿದ್ದಾರೆ. ಇದರಲ್ಲಿ ನಮಗೆ ಎರಡು ಸಂಗತಿಗಳು ಕಾಣುತ್ತವೆ. ಬೇರೆ ನಾಡಿನಲ್ಲಿ ನೇಯ್ದ, ಬೇರೆ ಬಗೆಯಲ್ಲಿ ಹೊಲಿದ ಉಡುಪನ್ನು ಧರಿಸಲು ಅವರಿಗೆ ಅಳುಕಿರಲಿಲ್ಲ. ಅದೇ ವೇಳೆ, ಉಡುಪಿನ ಅನುಕೂಲಕ್ಕಾಗಿ ವುಝೂವನ್ನು ಬದಲಿಸಿಕೊಳ್ಳಲಿಲ್ಲ. ಶರ್ಟ್, ಪ್ಯಾಂಟ್, ಜಾಕೆಟ್ ಎಂದೊಡನೆ ಹುಬ್ಬೇರಿಸುವ ಹಿರಿಯರೂ, ಬಿಗಿ ಜೀನ್ಸ್‌ಗಾಗಿ ಅಸರ್ ನಮಾಝನ್ನು ಮನೆಗೆ ಹೋದ ಮೇಲೆ ಮಾಡೋಣವೆನ್ನುವ ಕಿರಿಯರೂ ಇದನ್ನು ಒಟ್ಟಿಗೆ ಕುಳಿತು ಓದಿದರೆ ಚೆನ್ನು.

ಇನ್ನು ಹವಾಮಾನದ ಮಾತು. ನಮ್ಮ ರಾಜ್ಯದೊಳಗೇ ಮೂರು ಬೇರೆ ಬೇರೆ ದೇಶಗಳಿರುವಂತಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಡಿಸೆಂಬರ್ ಬೆಳಗಿನ ಫಜ್ರ್‌ಗೆ ಸ್ವೆಟರ್ ಬೇಕು, ಮಧ್ಯಾಹ್ನಕ್ಕೆ ಬೇಡ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆಗುಂಬೆಯಲ್ಲಿ ಅದರ ಇಮ್ಮಡಿಯಷ್ಟು. ಬೆಂಗಳೂರಿನ ತಣ್ಣನೆಯ ಅಂಗಡಿಯಲ್ಲಿ ಕುಳಿತು ಆರಿಸಿದ ಬಟ್ಟೆ ಈ ಎಲ್ಲ ಕಡೆ ಒದಗಬೇಕೆಂದು ನಾವು ನಿರೀಕ್ಷಿಸುತ್ತೇವೆ.

ಇದಕ್ಕೆ ಇನ್ನೊಂದು ತೊಡಕೂ ಇದೆ, ಅದು ನಮಗೇ ವಿಶಿಷ್ಟವಾದುದು. ಚಾಂದ್ರಮಾನದ ನಮ್ಮ ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನಗಳಷ್ಟು ಹಿಂದಕ್ಕೆ ಸರಿಯುತ್ತವೆ. 2016ರಲ್ಲಿ ಈದುಲ್ ಫಿತ್ರ್ ಜುಲೈ ಮೊದಲ ವಾರದಲ್ಲಿ, ಕರಾವಳಿಯಲ್ಲಿ ಮಳೆ ಸುರಿಯುವ ಕಾಲದಲ್ಲಿ ಬಂದಿತ್ತು. 2025ರಲ್ಲಿ ಅದು ಮಾರ್ಚ್ ಕೊನೆಯ ಸುಡುಬಿಸಿಲಿಗೆ ಬಂದಿತು. ಮುಂದೆ ಅದು ಚಳಿಗಾಲದತ್ತ ಸರಿಯಲಿದೆ. ಹೀಗಿರುವಾಗ ಈದ್‌ಗೆಂದೇ ಒಂದು ಋತುವಿನ ಬಟ್ಟೆಯನ್ನು ಕೊಂಡು ಪೇರಿಸುವುದರಲ್ಲಿ ಅರ್ಥವಿಲ್ಲ. ಎಲ್ಲ ಋತುಗಳಿಗೂ ಒಗ್ಗುವ ಮಧ್ಯಮ ದಪ್ಪದ ಹತ್ತಿಯ ಉಡುಪು, ಚಳಿಗೆ ಅದರ ಮೇಲೊಂದು ಪದರ, ಮಳೆಗೆ ಇನ್ನೊಂದು ಪದರ ಎಂಬ ಕ್ರಮವೇ ನಮಗೆ ಸರಿಹೊಂದುತ್ತದೆ. ಮಲೆನಾಡಿನ ಕೂಲಿಯವರು ಸೊಂಟಕ್ಕೆ ಲುಂಗಿ, ಮೈಗೊಂದು ಅಂಗಿ, ತಲೆಗೆ ಕಂಬಳಿ ಕೊಪ್ಪೆ ಇಟ್ಟುಕೊಂಡು ನಾಲ್ಕು ತಿಂಗಳ ಮಳೆಯನ್ನು ಕಳೆಯುತ್ತಿದ್ದ ಕಾಲವೊಂದಿತ್ತು. ಅವರಿಗೆ ಈ ಪದರಗಳ ವಿದ್ಯೆಯನ್ನು ಯಾರೂ ಪಾಠ ಮಾಡಿರಲಿಲ್ಲ.

ಹತ್ತಿ ಬೆವರನ್ನು ಹೀರುತ್ತದೆ, ಆದರೆ ಮಳೆಗಾಲದಲ್ಲಿ ಒಣಗಲು ಎರಡು ದಿನ ತೆಗೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರನ್ನು ಹೀರದೆ ಮೈಗೆ ಅಂಟುತ್ತದೆ ಮತ್ತು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಿಶ್ರ ನೂಲಿನ ಬಟ್ಟೆ ಎರಡರ ನಡುವೆ ನಿಲ್ಲುತ್ತದೆ. ಆದುದರಿಂದ ಕರಾವಳಿ, ಮಲೆನಾಡಿಗೆ ಹೋಗಿ ಬರುವವರು ಮಳೆಗಾಲಕ್ಕೆ ಒಂದೆರಡು ಮಿಶ್ರ ನೂಲಿನ ಜೊತೆಗಳನ್ನು ಇಟ್ಟುಕೊಂಡು ಉಳಿದುದನ್ನು ಹತ್ತಿಯಲ್ಲಿಯೇ ಮಾಡಿಸಿಕೊಳ್ಳುವುದು ಲೇಸು. ಬಯಲುಸೀಮೆಯವರು ಪೂರ್ಣ ಹತ್ತಿಯನ್ನೇ ನೆಚ್ಚಬಹುದು. ಬಣ್ಣದ ವಿಷಯದಲ್ಲೂ ಊರಿನ ಮಣ್ಣನ್ನು ಕೇಳಬೇಕು. ಕರಾವಳಿಯ ಕೆಂಪು ಮಣ್ಣು, ಗೇರುಹಣ್ಣಿನ ರಸ, ಬಾಳೆಯ ಸೊನೆ ಇವುಗಳ ಕಲೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಬಿಳಿ ಬಟ್ಟೆಯನ್ನು ಪ್ರವಾದಿವರ್ಯರು(ಸ) ಮೆಚ್ಚಿ ಶಿಫಾರಸು ಮಾಡಿದ್ದಾರೆ, ಅದನ್ನು ಜುಮಾಕ್ಕೂ ಈದ್‌ಗೂ ಇಟ್ಟುಕೊಳ್ಳೋಣ. ತೋಟಕ್ಕೆ ಇಳಿಯುವಾಗ ಕಂದು, ಬೂದು, ಗಾಢ ಹಸಿರು ಇರಲಿ. ಇಂಬಳಗಳ ಕಾಟವಿರುವ ಕಾಫಿ ಸೀಮೆಯಲ್ಲಿ ಒತ್ತಾದ ನೇಯ್ಗೆಯ ಉದ್ದ ಕಾಲ್ಚೀಲವನ್ನು ಪೆಟ್ಟಿಗೆಗೆ ಹಾಕಲು ಮರೆತವರು ಮರುವರ್ಷ ಖಂಡಿತ ಮರೆಯುವುದಿಲ್ಲ.

ಮಹಿಳೆಯರ ಬುರ್ಖಾದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಅಸೌಕರ್ಯವನ್ನು ಹೆಚ್ಚು ಅನುಭವಿಸುವವರು ಅವರೇ, ಮತ್ತು ಮನೆಯ ಗಂಡಸರು ಇದನ್ನು ಕೇಳಿ ತಿಳಿದುಕೊಳ್ಳುವುದು ಅಪರೂಪ. ಕಪ್ಪು ಬಣ್ಣ ಬಿಸಿಲನ್ನು ಹೀರಿ ಬೇಯಿಸುತ್ತದೆ ಎಂಬ ದೂರು ಸಾಮಾನ್ಯ. 1980ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಮರುಭೂಮಿಯ ಬದೂವಿಗಳ ಕಪ್ಪು ನಿಲುವಂಗಿಯ ಕುರಿತು ಒಂದು ಅಧ್ಯಯನ ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಶಾಖವನ್ನು ಹೀರುತ್ತದೆಯಾದರೂ, ನಿಲುವಂಗಿ ಸಡಿಲವಾಗಿದ್ದಾಗ ಆ ಹೆಚ್ಚುವರಿ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಕಳೆದುಹೋಗುತ್ತದೆ, ಬಿಳಿಯದಕ್ಕೂ ಕಪ್ಪಿನದಕ್ಕೂ ಒಳಗೆ ಅಂತರವಿರುವುದಿಲ್ಲ ಎಂದು ಅದರಲ್ಲಿ ಕಂಡುಬಂದಿತು. ಅಂದರೆ ಸೆಕೆಯ ಹೊಣೆಯನ್ನೆಲ್ಲ ಬಣ್ಣದ ಮೇಲೆ ಹೊರಿಸಲಾಗದು. ಬಿಗಿಯಾದ ಹೊಲಿಗೆಯನ್ನೂ ಗಾಳಿಯಾಡದ ಕೃತಕ ನೂಲನ್ನೂ ನೋಡಬೇಕು. ಇಂದು ಅಂಗಡಿಗಳಲ್ಲಿ ನಿದಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಟ್ಟೆ ಪಾಲಿಯೆಸ್ಟರ್ ಜಾತಿಯದು. ಅದನ್ನೇ ಸೊಂಟಕ್ಕೆ ಒತ್ತಿ ಹೊಲಿದು, ತೋಳಿಗೆ ಕಲ್ಲುಗಳನ್ನು ಅಂಟಿಸಿ, ಒಳಗೆ ಅಸ್ತರ್ ಕೊಟ್ಟು ಮಾರುತ್ತಾರೆ. ಅದು ಕಲಬುರಗಿಯ ಮಧ್ಯಾಹ್ನಕ್ಕೂ ತಕ್ಕುದಲ್ಲ, ಪರ್ದಾದ ಉದ್ದೇಶಕ್ಕೂ ತಕ್ಕುದಲ್ಲ. ಹತ್ತಿಯದೋ ರೇಯಾನ್‌ನದೋ ಸಡಿಲವಾದ ಬುರ್ಖಾವನ್ನು ಊರಿನ ದರ್ಜಿಯಿಂದ ಹೊಲಿಸಿಕೊಂಡರೆ ಅದು ಬೆಂಗಳೂರಿನ ಮೆಟ್ರೋದಲ್ಲೂ ಗೌರವದಿಂದ ನಿಲ್ಲುತ್ತದೆ. ಜೊತೆಗೆ, ಜಾರದ ಹತ್ತಿಯ ಶಿರವಸ್ತ್ರ ಮೂರು ಇರಲಿ. ಸೂಜಿಪಿನ್ನುಗಳ ಸಹಾಯವಿಲ್ಲದೆ ನಿಲ್ಲದ ಜಾರ್ಜೆಟ್ ದುಪಟ್ಟಾ ಹಟ್ಟಿಯಲ್ಲಿ ಹಾಲು ಕರೆಯುವವಳಿಗೂ ಬೇಡ, ಸ್ಕೂಟರ್ ಓಡಿಸುವವಳಿಗೂ ಬೇಡ.

ಮಳೆಯಲ್ಲಿ ಬುರ್ಖಾದ ಅಂಚು ಕೆಸರಾಗುವುದು ಹಲವರಿಗೆ ದೊಡ್ಡ ಚಿಂತೆ. ಅದೇ ಕಾರಣಕ್ಕೆ ಊರಿಗೆ ಹೋದಾಗ ನಮಾಝ್ ಹಿಂದೆ ಬೀಳುವುದೂ ಉಂಟು. ಉದ್ದ ಸೆರಗಿನ ಒಬ್ಬ ಮಹಿಳೆ ಕೊಳಕು ದಾರಿಯಲ್ಲಿ ನಡೆಯಬೇಕಾಗುವುದರ ಬಗ್ಗೆ ಉಮ್ಮು ಸಲಮಾ(ರ) ಅವರಲ್ಲಿ ಕೇಳಿದಾಗ, ಅದರ ನಂತರ ಬರುವ ನೆಲ ಅದನ್ನು ಶುದ್ಧಗೊಳಿಸುತ್ತದೆಂದು ಪ್ರವಾದಿವರ್ಯರು(ಸ) ಹೇಳಿದುದನ್ನು ಅವರು ತಿಳಿಸಿದರು. ರಮಝಾನಿನ ಒಂದು ರಾತ್ರಿ ಮದೀನಾದಲ್ಲಿ ಮಳೆ ಬಂದು ಮಸೀದಿಯ ಸೂರು ಸೋರಿದಾಗ ಪ್ರವಾದಿವರ್ಯರು(ಸ) ನೀರು, ಮಣ್ಣಿನಲ್ಲಿಯೇ ಸುಜೂದ್ ಮಾಡಿದರೆಂದೂ ಹಣೆಯಲ್ಲಿ ಕೆಸರಿನ ಗುರುತಿತ್ತೆಂದೂ ಅಬೂ ಸಈದ್ ಖುದ್ರಿ(ರ) ಕಂಡದ್ದನ್ನು ಹೇಳಿದ್ದಾರೆ. ಕೆಸರು ಕಂಡೊಡನೆ ಹಿಂಜರಿಯುವ ಮನಸ್ಸು ಪೇಟೆಯಿಂದ ಬಂದುದು, ಶರೀಅತ್‌ನಿಂದ ಬಂದುದಲ್ಲ. ಆದರೂ ಅಂಚನ್ನು ನೆಲಕ್ಕೆ ಎಳೆಯದಷ್ಟು ಅಳತೆಯಲ್ಲಿ ಹೊಲಿಸಿ, ಪಾದ ಮುಚ್ಚಲು ಕಾಲ್ಚೀಲ ಧರಿಸುವುದು ಎಷ್ಟೋ ಸುಲಭ.

ಇನ್ನು ನಿಜವಾಗಿ ನಮ್ಮನ್ನು ಕಾಡುವ ವಿಷಯಕ್ಕೆ ಬರೋಣ. ಪೇಟೆಯ ಕುಟುಂಬ ಈದ್‌ಗೆ ಊರಿಗೆ ಇಳಿದಾಗ ಅದರ ಬಟ್ಟೆ ಏನು ಮಾತಾಡುತ್ತದೆ? ಅಣ್ಣನ ಮಕ್ಕಳು ಪೇಟೆಯ ಅಂಗಡಿಯ ಹೆಸರಿರುವ ಚೀಲಗಳೊಡನೆ ಬಂದಿಳಿಯುತ್ತಾರೆ. ಊರಿನಲ್ಲೇ ಉಳಿದ ತಮ್ಮನ ಮಕ್ಕಳು ಪಕ್ಕದ ಸಂತೆಯ ಬಟ್ಟೆ ತೊಟ್ಟಿರುತ್ತಾರೆ. ಈದ್‌ಗಾಹ್‌ನಿಂದ ಮರಳಿದ ಮೇಲೆ ಫೋಟೋ ತೆಗೆಯುವಾಗ ಯಾವ ಮಗು ಹಿಂದಿನ ಸಾಲಿಗೆ ಸರಿಯುತ್ತದೆ ಎಂಬುದನ್ನು ಹಿರಿಯರು ಕಂಡೂ ಕಾಣದಂತೆ ಇರುತ್ತಾರೆ. ಮರುವರ್ಷ ತಮ್ಮ ಸಾಲ ಮಾಡಿ ಅದೇ ಚೀಲಗಳನ್ನು ತರುತ್ತಾನೆ. ಒಂದು ಜೊತೆ ಬಟ್ಟೆಯಿಂದ ಕುಟುಂಬಕ್ಕೆ ಸಾಲ ಹೊಕ್ಕುವ ದಾರಿ ಇದು. ಚೆನ್ನಾಗಿ ಉಡಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ, ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುತ್ತಾನೆ, ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂಬ ಆಶಯದ ಉತ್ತರ ಪ್ರವಾದಿವರ್ಯರಿಂದ(ಸ) ಬಂದಿತು. ಇದನ್ನು ನಾವು ಎಂದಿಗೂ ಅರ್ಧಕ್ಕೇ ನಿಲ್ಲಿಸಿ ಓದುತ್ತೇವೆ. ಸೌಂದರ್ಯದವರೆಗೆ ಓದಿ, ಜನರನ್ನು ಕೀಳಾಗಿ ಕಾಣುವ ಭಾಗಕ್ಕೆ ಬರುವ ಮೊದಲು ಪುಟ ಮಡಚುತ್ತೇವೆ.

ಇದಕ್ಕೆ ಉತ್ತರವಾಗಿ ಹರಕು ಬಟ್ಟೆ ತೊಟ್ಟು ಊರಿಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಕೊಳೆ ಬಟ್ಟೆ ತೊಟ್ಟವನನ್ನು ಕಂಡು, ತೊಳೆಯಲು ಇವನಿಗೇನೂ ಸಿಗಲಿಲ್ಲವೇ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಬೇಸರಗೊಂಡುದೂ ವರದಿಯಾಗಿದೆ. ದುಡಿಮೆಯ ಬಟ್ಟೆಯಲ್ಲದೆ ಜುಮಾಕ್ಕೆಂದು ಒಂದು ಜೊತೆಯನ್ನು ಬೇರೆಯಾಗಿ ಇಟ್ಟುಕೊಳ್ಳುವುದನ್ನು ಅವರು ಪ್ರೋತ್ಸಾಹಿಸಿದ್ದಾರೆ. ನೋಡಿ, ಎಷ್ಟು ಸರಳವಾದ ಪೆಟ್ಟಿಗೆ! ದುಡಿಮೆಗೊಂದು ಬಗೆ, ಜುಮಾಕ್ಕೊಂದು ಜೊತೆ. ಆ ಜುಮಾದ ಜೊತೆಯೇ ಈದ್‌ಗೂ ನಿಕಾಹ್‌ಗೂ ಹಿರಿಯರ ಭೇಟಿಗೂ ಸಾಕಾಗುವಂತೆ ಚೆನ್ನಾಗಿರಲಿ. ಅಣ್ಣತಮ್ಮಂದಿರು ಈದ್‌ಗೆ ಮೊದಲೇ ಮಾತಾಡಿಕೊಂಡು, ಒಂದೇ ಥಾನಿನಿಂದ ಎಲ್ಲ ಮಕ್ಕಳಿಗೂ ಊರಿನ ದರ್ಜಿಯಿಂದ ಹೊಲಿಸಿದರೆ ಖರ್ಚು ಅರ್ಧಕ್ಕಿಳಿಯುತ್ತದೆ. ಫೋಟೋದಲ್ಲಿ ಹಿಂದಿನ ಸಾಲು ಮುಂದಿನ ಸಾಲು ಎಂಬುದೂ ಇಲ್ಲವಾಗುತ್ತದೆ. ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಮೂರು ಬೆರಳು ಮಡಿಕೆ ಬಿಡಿಸುವುದನ್ನು ನಮ್ಮ ಅಜ್ಜಿಯಂದಿರು ಮರೆಯುತ್ತಿರಲಿಲ್ಲ.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. 3,000 ರೂಪಾಯಿ ಕೊಟ್ಟು ಕೊಂಡ ಝರಿಯ ಉಡುಪನ್ನು ಮೂರು ಬಾರಿ ಧರಿಸಿ ಕಪಾಟಿಗೆ ಸೇರಿಸಿದರೆ ಒಂದೊಂದು ಬಾರಿಗೂ 1,000 ರೂಪಾಯಿ ಬಿದ್ದಂತಾಯಿತು. 900 ರೂಪಾಯಿಯ ಹತ್ತಿಯ ಜೊತೆಯನ್ನು ಎರಡು ವರ್ಷಗಳಲ್ಲಿ 90 ಬಾರಿ ಧರಿಸಿದರೆ ಒಂದು ಬಾರಿಗೆ 10 ರೂಪಾಯಿ. ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಚೀಟಿಯ ಮೇಲಿನ ಬೆಲೆಯಿಂದ ತಿಳಿಯುವುದಿಲ್ಲ. ಆದರೆ ತೀರಾ ಅಗ್ಗದ ಬಟ್ಟೆಯ ಬೆಲೆಯನ್ನು ಬೇರೊಬ್ಬರು ತೆರುತ್ತಾರೆಂಬುದೂ ನೆನಪಿರಲಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಬಟ್ಟೆ ಹೊಲಿಯುವ ಕಾರ್ಮಿಕರು, ಅದರಲ್ಲೂ ಹೆಣ್ಣುಮಕ್ಕಳು. ನಮ್ಮ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲೂ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳೇ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿತವರು ನಾವು. ಮೂರು ಕೊಂಡರೆ ಎರಡು ಉಚಿತವೆಂಬ ಫಲಕದ ಮುಂದೆ ಆ ಪಾಠವನ್ನು ಮರೆಯುತ್ತೇವೆ.

ಈ ಕಾರಣಕ್ಕಾಗಿಯೇ ನಾಡಿನ ಕೈಮಗ್ಗದ ಬಟ್ಟೆಗೆ ಪೆಟ್ಟಿಗೆಯಲ್ಲಿ ಒಂದು ಸ್ಥಾನವಿರಲಿ ಎನ್ನುತ್ತೇವೆ. ಇಳಕಲ್ಲಿನ ಹತ್ತಿ ಸೀರೆ, ಉಡುಪಿಯ ಹತ್ತಿ ಸೀರೆ, ಧಾರವಾಡ ಸೀಮೆಯ ಖಾದಿ ಇವೆಲ್ಲ ಒಗೆದಷ್ಟೂ ಮೃದುವಾಗುವ ಬಟ್ಟೆಗಳು. ಪುರುಷರಿಗೆ ರೇಷ್ಮೆ ನಿಷಿದ್ಧವಾಗಿರುವುದರಿಂದ ಖಾದಿಯ ಕುರ್ತಾದ ಹಾಗೆ ಮಸೀದಿಗೂ ಕಚೇರಿಗೂ ಹೊಲಕ್ಕೂ ಸಲ್ಲುವ ಇನ್ನೊಂದು ಉಡುಪನ್ನು ಹೇಳುವುದು ಕಷ್ಟ.

ಕೊಂಡದ್ದನ್ನು ಉಳಿಸಿಕೊಳ್ಳುವ ಕಲೆ ನಮ್ಮ ಮನೆಗಳಿಂದ ಬಹುಬೇಗ ಮಾಯವಾಗುತ್ತಿದೆ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಇಶಾ(ರ) ಹೇಳಿದ್ದಾರೆ. ಖಲೀಫರಾಗಿದ್ದ ಕಾಲದಲ್ಲಿ ಹಝ್ರತ್ ಉಮರ್(ರ) ಅವರ ಭುಜಗಳ ನಡುವೆ ಒಂದರ ಮೇಲೊಂದು ಮೂರು ತೇಪೆಗಳಿದ್ದುದನ್ನು ಅನಸ್(ರ) ಕಂಡಿದ್ದರು. ನಮ್ಮ ಗಂಡುಮಕ್ಕಳಿಗೆ ಗುಂಡಿ ಹೊಲಿಯಲು ಬರುವುದಿಲ್ಲ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ. ಬಿಳಿ ಬಟ್ಟೆ ಮಳೆಗಾಲದಲ್ಲಿ ಕರಿ ಚುಕ್ಕೆ ಹಿಡಿಯದಿರಬೇಕಾದರೆ ಪೂರ್ತಿ ಒಣಗಿದ ಮೇಲಷ್ಟೇ ಮಡಚಬೇಕು, ಬಿಸಿಲು ಬಿದ್ದ ದಿನ ಪೆಟ್ಟಿಗೆಯನ್ನು ತೆರೆದಿಡಬೇಕು, ನಡುವೆ ಒಣಗಿದ ಬೇವಿನ ಎಲೆ ಹಾಕಬೇಕು. ಊರಿನ ಮನೆಯಲ್ಲಿ ಪ್ರತಿಯೊಬ್ಬರಿಗೂ ತೋಟಕ್ಕಿಳಿಯುವ ಒಂದು ಜೊತೆ, ಒಂದು ಲುಂಗಿ ಅಥವಾ ಸಡಿಲ ಸಲ್ವಾರ್ ಕಮೀಝ್, ಒಂದು ರಬ್ಬರ್ ಚಪ್ಪಲಿ, ಒಂದು ಛತ್ರಿಯನ್ನು ಬಿಟ್ಟು ಬಂದರೆ ಪ್ರತಿ ಬಾರಿಯ ಚೀಲದ ಭಾರ ಅರ್ಧ ಇಳಿಯುತ್ತದೆ.

ಕೊನೆಯದಾಗಿ, ಊರಿಗೆ ಸಾಗಿಸುವ ಹಳೆಯ ಬಟ್ಟೆಯ ಗಂಟಿನ ಬಗ್ಗೆ. ಪೇಟೆಯ ಮನೆಗಳಲ್ಲಿ ಕಪಾಟು ತುಂಬಿದೊಡನೆ ಒಂದು ಗಂಟು ಕಟ್ಟಿ, ಊರಿನ ಬಡ ಸಂಬಂಧಿಕರಿಗೆಂದು ಕಳುಹಿಸಿ, ಸದಕಾ ಮಾಡಿದ ಸಮಾಧಾನ ಪಡುವ ರೂಢಿಯಿದೆ. ಆ ಗಂಟನ್ನು ಬಿಚ್ಚಿದವರಿಗೆ ಗೊತ್ತು, ಒಳಗೆ ಗುಂಡಿಯಿಲ್ಲದ ಅಂಗಿ, ಜಿಪ್ ಕೆಟ್ಟ ಪ್ಯಾಂಟ್, ಹೊಲದಲ್ಲಿ ದುಡಿಯುವವಳಿಗೆ ಯಾವ ಉಪಯೋಗಕ್ಕೂ ಬಾರದ ಮಣಿಗಳ ಗೌನ್ ಇರುತ್ತವೆ. ತಾವು ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂಥ ಕಳಪೆ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಅಲ್‌ಬಕರಃ ಅಧ್ಯಾಯದ 267ನೇ ಸೂಕ್ತ ತಡೆಯುತ್ತದೆ. ಪೇಟೆಗೂ ಹಳ್ಳಿಗೂ ಒಗ್ಗುವ ಗಟ್ಟಿ ಬಟ್ಟೆಯನ್ನು ಕೊಂಡವನಿಗೆ ಮಾತ್ರ, ತನ್ನ ಅಳತೆ ಮೀರಿದಾಗ ಅದನ್ನು ಇನ್ನೊಬ್ಬರಿಗೆ ನಾಚಿಕೆಯಿಲ್ಲದೆ ಕೊಡಲು ಸಾಧ್ಯ. ಕೊಡುವ ಮೊದಲು ಒಗೆದು, ಬಿಟ್ಟ ಹೊಲಿಗೆಯನ್ನು ಹಾಕಿ, ಇಸ್ತ್ರಿ ಮಾಡಿ, ಗಂಟು ಕಟ್ಟದೆ ಒಂದು ಹೊಸ ಚೀಲದಲ್ಲಿಟ್ಟು, ಆ ಮನೆಯ ಮಕ್ಕಳು ಎದುರಿಗಿಲ್ಲದ ಹೊತ್ತಿನಲ್ಲಿ ಅವರ ತಾಯಿಯ ಕೈಗೆ ಕೊಡಿ.